ಕೈಗಡ ಕೇಳುವ ಗೆಳೆಯನಿಗೆ ‘ಆಗುವುದಿಲ್ಲ’ ಎನ್ನುವುದು ಹೇಗೆ

ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಇಲ್ಲಿ ಯಾರ ಭತ್ತ ಯಾವಾಗ ಮಾರಾಟವಾಯಿತು, ಯಾರಿಗೆ ಸಂಬಳ ಯಾವಾಗ ಆಯಿತು ಎಲ್ಲರಿಗೂ ಗೊತ್ತು. ಅದಕ್ಕೇ ‘ನನ್ನ ಹತ್ರ ರೊಕ್ಕ ಇಲ್ಲ’ ಎಂಬ ಸುಳ್ಳು ಬೇಡ. ಎರಡು ದಿನವೂ ನಿಲ್ಲುವುದಿಲ್ಲ.

2022ರಲ್ಲಿ ಒಬ್ಬ ಗೆಳೆಯ ‘ಎರಡು ವಾರದಾಗ ಕೊಡ್ತೀನಿ ದೋಸ್ತ’ ಎಂದು 18,000 ರೂಪಾಯಿ ಒಯ್ದ. ವಾಪಸ್ ಬರಲಿಲ್ಲ. ಆದರೆ ರೊಕ್ಕ ಹೋದದ್ದಕ್ಕಿಂತ, ಒಂದು ದಿನ ಅವನು ನನ್ನನ್ನು ಕಂಡು ಬೇರೆ ಓಣಿಗೆ ತಿರುಗಿಬಿಟ್ಟನಲ್ಲ, ಅದು ಜಾಸ್ತಿ ನೋಯಿಸಿತು. ಜೊತೆಗೆ ಕಾಲುವೆಯಲ್ಲಿ ಈಜು ಕಲಿತವರು ನಾವು.

ಹಾಗಾಗಿ ಇನ್ನೊಬ್ಬ ಕೇಳಿದಾಗ ಕೊಡಬಾರದು ಎಂದು ಗಟ್ಟಿ ಮಾಡಿಕೊಂಡಿದ್ದೆ. ಊರೆಲ್ಲ ಬಾಕಿ ಇಟ್ಟವನು, ಆದರೂ ನನಗೆ ಜೀವದ ಗೆಳೆಯ. ಬಾಯಿಂದ ಮಾತ್ರ ‘ನೋಡೋಣ’ ಎಂದು ಬಂತು. ಅದೇ ದೊಡ್ಡ ತಪ್ಪು. ನಾನು ‘ನೋಡೋಣ’ ಎಂದದ್ದನ್ನು ಅವನು ‘ಹ್ಞೂಂ’ ಎಂದು ಕೇಳಿಸಿಕೊಂಡ. ತನಗೆ ಸಾಲ ಕೊಟ್ಟವನಿಗೆ ‘ಸೋಮವಾರ ಕೊಡ್ತೀನಿ’ ಎಂದು ಮಾತೂ ಕೊಟ್ಟುಬಿಟ್ಟ. ಸೋಮವಾರ ನಾನು ತಲೆ ಅಲ್ಲಾಡಿಸಿ, ‘ಮನೆಯಾಕೆ ಒಪ್ಪುತ್ತಿಲ್ಲ’ ಎಂದೆ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಅವನ ಹೆಂಡತಿ ನನ್ನ ಹೆಂಡತಿಯನ್ನು ಮಾತಾಡಿಸಲೇ ಇಲ್ಲ. ಏನೂ ತಿಳಿಯದ ಹೆಣ್ಣುಮಗಳ ತಲೆಗೆ ನನ್ನ ಸಂಕೋಚ ಕಟ್ಟಿದ್ದೆ. ದಯವಿಟ್ಟು ಹಾಗೆ ಮಾಡಬೇಡಿ.

ಕೇಳಿದ ಮೊದಲ ನಿಮಿಷದಲ್ಲೇ ಹೇಳಿ. ನಾಲ್ಕು ಜನರ ಮುಂದೆ ಬೇಡ. ಚಹಾದಂಗಡಿಯಲ್ಲಿ ಕೇಳಿದರೆ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದುಕೊಂಡು ಹೋಗಿ. ಈಗ ನಾನು ಹೇಳುವುದು ಇಷ್ಟೇ: ‘ದೋಸ್ತ, ನನ್ನಿಂದ ಆಗಂಗಿಲ್ಲ. ಗೆಳೆಯರ ಕೂಡ ರೊಕ್ಕದ ವ್ಯವಹಾರ ಬಿಟ್ಟೀನಿ.’ ಆಮೇಲೆ ಸುಮ್ಮನಿರಿ. ಕಾರಣ ಕೊಡುತ್ತಾ ಹೋದರೆ ಒಂದೊಂದಕ್ಕೂ ಅವನ ಹತ್ತಿರ ಉತ್ತರ ಇರುತ್ತದೆ. ‘ನನ್ನ ಮ್ಯಾಲೆ ನಂಬಿಕಿ ಇಲ್ಲೇನು?’ ಎಂದರೆ, ‘ನಿನ್ನ ಮ್ಯಾಲಿನ ಪ್ರೀತಿ ಬ್ಯಾರೆ, ರೊಕ್ಕ ಬ್ಯಾರೆ’ ಎನ್ನಿ. ಹಳೇ ಬಾಕಿ ಎತ್ತಬೇಡಿ, ಬುದ್ಧಿ ಹೇಳಬೇಡಿ. ಕೇಳುವ ಹೊತ್ತಿಗೇ ಅವನು ಅರ್ಧ ಕುಗ್ಗಿರುತ್ತಾನೆ.

‘ರೊಕ್ಕ ಬ್ಯಾಡ, ಜಾಮೀನಿಗೆ ಒಂದು ಸಹಿ ಹಾಕು ಸಾಕು’ ಎಂದರೂ ಉತ್ತರ ಅದೇ ಇರಲಿ. ಈ ಸಹಿ ಸಣ್ಣದಲ್ಲ. 1872ರ ಕರಾರು ಕಾಯ್ದೆಯ ಪ್ರಕಾರ, ಪತ್ರದಲ್ಲಿ ಬೇರೆ ಮಾತು ಇಲ್ಲದಿದ್ದರೆ, ಸಾಲ ತೆಗೆದವನ ಹೊಣೆ ಎಷ್ಟೋ ಜಾಮೀನು ನಿಂತವನದೂ ಅಷ್ಟೇ. ಅವನು ಕಟ್ಟದಿದ್ದರೆ ಬ್ಯಾಂಕಿನವರು ನಿಮ್ಮ ಬಾಗಿಲಿಗೇ ಬರಬಹುದು. ಸಹಿ ಮಾಡಿದ ಖಾಲಿ ಚೆಕ್ಕಂತೂ ಯಾರ ಕೈಗೂ ಕೊಡಬೇಡಿ.

ಮನೆಯಲ್ಲಿ ಕಾಯಿಲೆ ಇದ್ದರೆ ಮಾತು ಬೇರೆ. ಆಗ ನಾನೇ ಔಷಧ ಅಂಗಡಿಗೆ ಹೋಗಿ ಬಿಲ್ ಕಟ್ಟುತ್ತೇನೆ. ಮನೆಯಲ್ಲಿ ಅಕ್ಕಿ ಇಲ್ಲ ಎಂದರೆ ಒಂದು ಚೀಲ ಇಳಿಸಿ ಬರುತ್ತೇನೆ. ಅದನ್ನು ಸಾಲ ಎಂದು ಬರೆದಿಡುವುದಿಲ್ಲ. ವಾಪಸ್ ಬರದಿದ್ದರೂ ನನ್ನ ಮನೆ ನಡೆಯಬೇಕು, ಅಷ್ಟರೊಳಗೇ ಕೊಡುತ್ತೇನೆ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತಲ್ಲ, ಬೆಳೆಗೆ ನೀರು ಸಿಗುತ್ತೋ ಇಲ್ಲವೋ ಎಂದು ಎಲ್ಲರೂ ಹೆದರಿದ್ದ ವಾರ. ನಾನು ‘ನೋಡೋಣ’ ಎಂದಿದ್ದ ಆ ಗೆಳೆಯನೇ ಮತ್ತೆ ಬಂದು 25,000 ಕೇಳಿದ. ಈ ಸಲ ನೇರವಾಗಿ ಆಗುವುದಿಲ್ಲ ಎಂದೆ. ಮುಖ ಸಣ್ಣದು ಮಾಡಿಕೊಂಡು ಹೋದ. ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಮೂರನೇ ದಿನ ನಾನೇ ಫೋನ್ ಮಾಡಿದೆ. ರೊಕ್ಕದ ಸುದ್ದಿ ತೆಗೆಯಲಿಲ್ಲ. ‘ಸಂಜೆ ಒಗ್ಗರಣೆ-ಮಿರ್ಚಿ ತಿನ್ನೋಣ, ಬಾ’ ಎಂದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, ‘ಎಷ್ಟೊತ್ತಿಗೆ ಬರಲಿ?’ ಎಂದ.