ಸಕಲೇಶಪುರದಿಂದ ಕಳಸದವರೆಗೆ ಗ್ರಾವೆಲ್ ಸೈಕಲ್: ದಾರಿ ಹುಡುಕುವ ನನ್ನ ಕ್ರಮ

ಮೊಬೈಲ್ ಮ್ಯಾಪಿನಲ್ಲಿ ಸಕಲೇಶಪುರ, ಮೂಡಿಗೆರೆ ಕಡೆ ಹಿಗ್ಗಿಸಿ ನೋಡಿದರೆ ಸಣ್ಣ ಗೆರೆಗಳ ಬಲೆಯೇ ಕಾಣುತ್ತದೆ. ಎಲ್ಲವೂ ಮಣ್ಣುದಾರಿ, ಎಲ್ಲವೂ ಒಂದಕ್ಕೊಂದು ಸೇರುವಂತೆಯೇ ಇರುತ್ತವೆ. ಹೋಗಿ ನೋಡಿದರೆ ಒಂದು ಉಣಗೋಲಿನ (ದನ ನುಗ್ಗದಂತೆ ಅಡ್ಡ ಗಳ ಸೇರಿಸಿದ ಬಾಗಿಲು) ಹತ್ತಿರ ಮುಗಿದಿರುತ್ತದೆ, ಇನ್ನೊಂದು ಎಸ್ಟೇಟಿನ ಬೀಗ ಹಾಕಿದ ಗೇಟಿನಲ್ಲಿ, ಮತ್ತೊಂದು ಹಳ್ಳದ ದಡದಲ್ಲಿ. ಆದ್ದರಿಂದ ಏರು ಎಷ್ಟು, ದೂರ ಎಷ್ಟು ಎಂದು ನೋಡುವ ಮೊದಲೇ ಈ ರಸ್ತೆ ಯಾರದು ಎಂಬುದನ್ನು ಗೊತ್ತುಮಾಡಿಕೊಳ್ಳುತ್ತೇನೆ.

ಇಲ್ಲಿ ರಸ್ತೆಗೆ ನಾಲ್ಕು ಥರದ ಯಜಮಾನರು. ಲೋಕೋಪಯೋಗಿ ಇಲಾಖೆಯದು ಡಾಂಬರು. ಹಾನುಬಾಳು, ಜನ್ನಾಪುರ ಮೇಲೆ ಮೂಡಿಗೆರೆಗೆ ಹೋಗುವಂಥದ್ದು. ಪಂಚಾಯ್ತಿಯದು ಊರಿನಿಂದ ಊರಿಗೆ ಹೋಗುವ ಮಣ್ಣು, ಸೋಲಿಂಗ್ ಕಲ್ಲು (ಹಾಸಿದ ದಪ್ಪ ಕಲ್ಲು), ಅಲ್ಲಲ್ಲಿ ಕಾಂಕ್ರೀಟು. ಗ್ರಾವೆಲ್ ಸೈಕಲ್ಲಿಗೆ, ಅಂದರೆ ಮಣ್ಣು, ಜಲ್ಲಿ ದಾರಿಗೆಂದೇ ಅಗಲ ಟೈರು ಹಾಕಿದ ಸೈಕಲ್ಲಿಗೆ, ನಿಜವಾದ ಆಸ್ತಿ ಇದೇ. ಮೂರನೆಯದು ತೋಟದ ಒಳರಸ್ತೆ, ಅದು ಖಾಸಗಿ. ನಾಲ್ಕನೆಯದು ಅರಣ್ಯದ್ದು. ಮೀಸಲು ಅರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ, ಪುಷ್ಪಗಿರಿ ವನ್ಯಧಾಮ ಮತ್ತು ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ 1972ರ ವನ್ಯಜೀವಿ ಕಾಯ್ದೆ ಅನ್ವಯಿಸುತ್ತವೆ. ಅನುಮತಿ ಇಲ್ಲದೆ ಕೂಪಿನ (ಕಾಡಿನಲ್ಲಿ ಮರ ಕಡಿಯುವ ಜಾಗ) ದಾರಿಗೆ ಚಕ್ರ ಇಳಿಸುವಂತಿಲ್ಲ. ಕುದುರೆಮುಖದೊಳಗೆ ಮುಖ್ಯರಸ್ತೆ ಬಿಟ್ಟು ಪಕ್ಕಕ್ಕೆ ತಿರುಗುವ ಯೋಜನೆಯನ್ನೇ ಹಾಕಬೇಡಿ. ಅಂತರ್ಜಾಲದಲ್ಲಿ ಯಾರೋ ಹಾಕಿದ ಟ್ರ್ಯಾಕ್ ಫೈಲ್ (ಹೋದ ದಾರಿಯ ಜಿಪಿಎಸ್ ದಾಖಲೆ) ಇದೆ ಎಂದಮಾತ್ರಕ್ಕೆ ಅದು ಅನುಮತಿ ಆಗುವುದಿಲ್ಲ.

ಯಾವುದು ಯಾರದೆಂದು ದೂರದಿಂದಲೇ ಊಹಿಸಲು ಕೆಲವು ಗುರುತುಗಳಿವೆ. ಗೆರೆಯ ತುದಿಯಲ್ಲಿ ಸರ್ಕಾರಿ ಶಾಲೆಯೋ ದೇವಸ್ಥಾನವೋ ಅಂಗನವಾಡಿಯೋ ಇದ್ದರೆ ಅದು ಬಹುಪಾಲು ಸಾರ್ವಜನಿಕ ದಾರಿ. ತುದಿಯಲ್ಲಿ ಒಂದೇ ದೊಡ್ಡ ಮನೆ, ಅದರ ಮುಂದೆ ಬೋಳಾದ ಚೌಕಾಕಾರದ ಅಂಗಳ ಕಂಡರೆ ಅದು ಕಾಫಿ ಒಣಗಿಸುವ ಕಣ, ದಾರಿ ತೋಟದ್ದು. ಉಪಗ್ರಹ ಚಿತ್ರವನ್ನು ಇಷ್ಟಕ್ಕೆ ಮಾತ್ರ ನಂಬಬಹುದು. ನಮ್ಮ ಕಾಫಿ ನೆರಳಿನ ಬೆಳೆ. ಸಿಲ್ವರ್ ಓಕ್, ಹಲಸು, ಅತ್ತಿಯ ನೆತ್ತಿ ಕೂಡಿಕೊಂಡಿರುವ ಕಡೆ ಕೆಳಗಿನ ರಸ್ತೆ ಕಾಣುವುದೇ ಇಲ್ಲ. ಸರ್ವೆ ಆಫ್ ಇಂಡಿಯಾದ 1:50,000 ಹಾಳೆಗಳಲ್ಲಿ ಹಳೆಯ ಗಾಡಿದಾರಿಗಳು ಸಿಗುತ್ತವೆ, ಜನರೇ ಸೇರಿ ಬರೆಯುವ ಉಚಿತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್ ಜೊತೆ ಹೋಲಿಸಿ ನೋಡಲು ಒಳ್ಳೆಯದು. ಎರಡರಲ್ಲೂ ಇರುವ ಗೆರೆ ಇವತ್ತಿಗೂ ಉಳಿದಿರುವ ಸಂಭವ ಹೆಚ್ಚು.

ಏರಿನ ಲೆಕ್ಕದಲ್ಲೂ ಇದೇ ಮರಗಳದ್ದು ಕಾಟ. ಆ್ಯಪ್‌ಗಳು ಬಳಸುವ ಎತ್ತರದ ದತ್ತಾಂಶ ದಟ್ಟ ಕಾಡಿನಲ್ಲಿ ನೆಲದ ಬದಲು ಮರದ ನೆತ್ತಿಯ ಕಡೆಗೆ ವಾಲುತ್ತದೆ. 200 ಮೀಟರ್ ಉದ್ದದ ಶೇ. 15ರ ಏರು ಸವೆದು ಶೇ. 8 ಎಂದು ತೋರಿಸುವುದುಂಟು. ಹಾಗಾಗಿ ಆ್ಯಪ್ ಹೇಳಿದ ಒಟ್ಟು ಏರಿಗೆ ಶೇ. 15–20 ಸೇರಿಸಿಕೊಳ್ಳುತ್ತೇನೆ. ಮಣ್ಣುದಾರಿಯಲ್ಲಿ ಗಂಟೆಗೆ 11–12 ಕಿ.ಮೀ. ಮೇಲೆ ಲೆಕ್ಕ ಹಿಡಿಯುವುದಿಲ್ಲ. ದಿನಕ್ಕೆ 60 ಕಿ.ಮೀ., 1,200 ಮೀಟರ್ ಏರು ಸಾಕು. ಡಾಂಬರಿನಲ್ಲಿ 150 ಕಿ.ಮೀ. ಹೊಡೆಯುವವರೂ ಇಲ್ಲಿ 60ಕ್ಕೆ ಸುಸ್ತಾಗುತ್ತಾರೆ.

ನನಗೆ ಒಗ್ಗಿರುವುದು ಮೂರು ದಿನದ ಜೋಡಣೆ. ಮೊದಲ ದಿನ ಸಕಲೇಶಪುರದಿಂದ ಪಂಚಾಯ್ತಿ ರಸ್ತೆಗಳಲ್ಲಿ ಮೂಡಿಗೆರೆ. ಎರಡನೆಯ ದಿನ ದೇವರಮನೆ ಬೆಟ್ಟಕ್ಕೆ ಹೋಗಿ ಕೊಟ್ಟಿಗೆಹಾರ. ಅಲ್ಲಿಯ ನೀರುದೋಸೆಗೆ ಅರ್ಧ ಗಂಟೆ ಮೀಸಲಿಡಿ, ಇದನ್ನು ಯೋಜನೆಯ ಭಾಗವೆಂದೇ ತಿಳಿಯಿರಿ. ಮೂರನೆಯ ದಿನ ಹೇಮಾವತಿ ಹುಟ್ಟುವ ಜಾವಳಿ, ಅಲ್ಲಿಂದ ಕೆಳಗೂರು ಕಡೆಯಿಂದ ಕಳಸ. ಮೂರು ದಿನವೂ ಸಂಜೆ ಪೇಟೆ ಸಿಗುತ್ತದೆ. ಎಲ್ಲಿ ಸೋತರೂ ಡಾಂಬರು ರಸ್ತೆಗೆ ಬಂದು ಬಸ್ಸೋ ಪಿಕಪ್ಪೋ ಹಿಡಿಯಬಹುದು. ಬಿಸಿಲೆ ಘಾಟಿಯನ್ನು ಈ ಸುತ್ತಿಗೆ ಸೇರಿಸುವುದಿಲ್ಲ. ಸುಬ್ರಹ್ಮಣ್ಯದ ಹತ್ತಿರದ ಕುಲ್ಕುಂದಕ್ಕೆ ಇಳಿದರೆ ಏಳೆಂಟು ನೂರು ಮೀಟರ್ ಎತ್ತರ ಕಳೆದುಹೋಗುತ್ತದೆ, ವಾಪಸ್ ಏರಲು ಇನ್ನೊಂದು ದಿನ ಬೇಕು.

ಸೈಕಲ್ಲಿನ ವಿಷಯಕ್ಕೆ ಬಂದರೆ, ಮೊದಲು ಗೇರು. ಮುಂದೆ 40 ಹಲ್ಲು, ಹಿಂದೆ ದೊಡ್ಡದು 42 ಹಲ್ಲು ಇದ್ದರೆ ನಿಮಿಷಕ್ಕೆ 60 ಸುತ್ತು ತುಳಿದಾಗ ವೇಗ ಗಂಟೆಗೆ ಸುಮಾರು 7.5 ಕಿ.ಮೀ. ಸವಾರ, ಸೈಕಲ್, ಸಾಮಾನು ಸೇರಿ 85 ಕಿಲೋ ಅಂದುಕೊಳ್ಳಿ. ಶೇ. 12ರ ಮಣ್ಣಿನ ಏರಿನಲ್ಲಿ ಆ ವೇಗ ಉಳಿಸಿಕೊಳ್ಳಲು ಸುಮಾರು 240 ವ್ಯಾಟ್ ಬೇಕು. ಹತ್ತು ನಿಮಿಷದಲ್ಲಿ ತೊಡೆ ಸುಡುತ್ತದೆ. ಅದೇ 40ಕ್ಕೆ ಹಿಂದೆ 51 ಹಾಕಿದರೆ ವೇಗ ಆರರ ಆಸುಪಾಸಿಗೆ ಇಳಿಯುತ್ತದೆ, ಬೇಕಾಗುವ ಶಕ್ತಿಯೂ 200ಕ್ಕೆ ಬರುತ್ತದೆ. ಮುಂದಿನ ಹಲ್ಲನ್ನು 36ಕ್ಕೆ ಇಳಿಸಿದರೆ ಇನ್ನೂ ಹಗುರ. ಇದಕ್ಕಿಂತ ವೇಗ ಕಡಿಮೆಯಾದರೆ ಸಡಿಲ ಜಲ್ಲಿಯಲ್ಲಿ ಸಮತೋಲ ತಪ್ಪುತ್ತದೆ. ಆಗ ಇಳಿದು ತಳ್ಳುವುದೇ ಬೇಗ.

ಟೈರು 700×45 (45 ಎಂ.ಎಂ. ಅಗಲ), ಟ್ಯೂಬ್‌ಲೆಸ್. ಮೇಲೆ ಹೇಳಿದ 85 ಕಿಲೋಗೆ ಗಾಳಿಯ ಒತ್ತಡ ಮುಂದೆ 26, ಹಿಂದೆ 29 ಪಿಎಸ್‌ಐ. 40 ಎಂ.ಎಂ. ಟೈರಾದರೆ 32 ಮತ್ತು 35. ಸೋಲಿಂಗ್ ಕಲ್ಲಿನ ಇಳಿಜಾರಿನಲ್ಲಿ ರಿಮ್‌ಗೆ ಏಟು ಬಿದ್ದ ಸದ್ದು ಕೇಳಿದರೆ ಎರಡು ಪಿಎಸ್‌ಐ ಏರಿಸಿ. ಪ್ರತಿ ಟೈರಿಗೆ 60ರಿಂದ 80 ಎಂ.ಎಲ್. ಸೀಲಂಟ್ (ತೂತನ್ನು ಒಳಗಿನಿಂದ ಮುಚ್ಚುವ ದ್ರವ). ಅದು ಮೂರು ತಿಂಗಳಲ್ಲಿ ಒಣಗುತ್ತದೆ, ಹೊರಡುವ ವಾರ ಟೈರು ಅಲ್ಲಾಡಿಸಿ ದ್ರವದ ಸದ್ದು ಕೇಳಿ ನೋಡಿ. ಬಿದಿರ ಮುಳ್ಳನ್ನು ಸೀಲಂಟ್ ತಡೆಯುತ್ತದೆ. ಬೇಲಿಯ ತಂತಿಯ ತುಂಡಿಗೆ ಪ್ಲಗ್ (ತೂತಿಗೆ ತುರುಕುವ ರಬ್ಬರ್ ಎಳೆ) ಬೇಕು. ಟೈರಿನ ಪಕ್ಕದ ಗೋಡೆ ಸೀಳಿದರೆ ಒಳಗೆ ಪ್ಯಾಚ್ ಕೊಟ್ಟು ಟ್ಯೂಬು ಹಾಕುವುದೊಂದೇ ದಾರಿ, ಆದ್ದರಿಂದ ಎರಡು ಟ್ಯೂಬು ಜೊತೆಗಿರಲಿ. ಡಿರೇಲರ್ ಹ್ಯಾಂಗರ್ (ಹಿಂದಿನ ಗೇರು ಬದಲಿಸುವ ಸಾಧನವನ್ನು ಫ್ರೇಮಿಗೆ ಹಿಡಿದಿಡುವ ತುಂಡು) ಒಂದು ಹೆಚ್ಚುವರಿ ಇರಲೇಬೇಕು. ಕಾಫಿ ಕಸಿ ಮಾಡುವಾಗ, ಅಂದರೆ ರೆಂಬೆ ಸವರುವಾಗ, ಬಿದ್ದ ಕಡ್ಡಿ ಚಕ್ರಕ್ಕೆ ಸಿಕ್ಕಿದರೆ ಮೊದಲು ಬಾಗುವುದು ಅದೇ, ನಿಮ್ಮ ಫ್ರೇಮಿಗೆ ಹೊಂದುವ ಹ್ಯಾಂಗರ್ ಮೂಡಿಗೆರೆಯಲ್ಲಿ ಸಿಗುವುದಿಲ್ಲ.

ಬ್ರೇಕ್ ಪ್ಯಾಡ್ ತೆಳ್ಳಗಾಗಿದ್ದರೆ ಹೊರಡುವ ಮೊದಲೇ ಬದಲಿಸಿ, 0.5 ಎಂ.ಎಂ. ಉಳಿದರೆ ಅದು ಮುಗಿದಂತೆ. ಕೆಂಪುಮಣ್ಣಿನ ಕೆಸರು ಸ್ಯಾಂಡ್‌ಪೇಪರಿನಂತೆ ಕೆಲಸ ಮಾಡುತ್ತದೆ. ರೆಸಿನ್ ಪ್ಯಾಡು ಒದ್ದೆ ಇಳಿಜಾರಿನಲ್ಲಿ ಬೇಗ ಸವೆಯುತ್ತದೆ, ಲೋಹದ ಪ್ಯಾಡು ಕಿರಿಚಿದರೂ ಬಾಳುತ್ತದೆ.

ನೆಲದಲ್ಲಿ ಎದುರಾಗುವುದು ಮುಖ್ಯವಾಗಿ ಮೂರು. ಜಂಬಿಟ್ಟಿಗೆ ಮಣ್ಣಿನ ಮೇಲೆ ಉದುರಿದ ಗುಂಡುಜಲ್ಲಿ: ತಿರುವಿನ ಮೊದಲೇ ಬ್ರೇಕ್ ಮುಗಿಸಿ, ತಿರುವಿನಲ್ಲಿ ಮುಂದಿನ ಬ್ರೇಕ್ ಮುಟ್ಟಬೇಡಿ. ಪಾಚಿ ಕಟ್ಟಿದ ಕಾಂಕ್ರೀಟು: ನೆರಳಿನ ಮೋರಿಗಳ ಬಳಿ ಇದು ಡಿಸೆಂಬರ್‌ವರೆಗೂ ಇರುತ್ತದೆ, ಮಣ್ಣಿಗಿಂತ ಅಪಾಯ. ಮೂರನೆಯದು ಸಿಲ್ವರ್ ಓಕ್‌ನ ಒಣ ಎಲೆಯ ಹಾಸು. ನೋಡಲು ಚೆಂದ, ಅಡಿಯಲ್ಲಿ ಮಳೆ ಕೊರೆದ ಕೊರಕಲು ಮುಚ್ಚಿಹೋಗಿರುತ್ತದೆ. ಟ್ರ್ಯಾಕ್ಟರ್ ಚಕ್ರ ಹೋದ ಜಾಡಿನಲ್ಲೇ ಹೋಗಿ.

ಕಾಲ ನವೆಂಬರ್ ಮಧ್ಯದಿಂದ ಫೆಬ್ರವರಿ. ಅಕ್ಟೋಬರಿನಲ್ಲಿ ಉಂಬಳ (ಜಿಗಣೆ) ಇನ್ನೂ ಇರುತ್ತದೆ. ಸಾಕ್ಸಿಗೆ ಸುಣ್ಣ, ಹೊಗೆಸೊಪ್ಪಿನ ನೀರು ಹಚ್ಚಿಕೊಂಡರೆ ತಕ್ಕಮಟ್ಟಿಗೆ ತಡೆಯುತ್ತದೆ. ಆದರೆ ನವೆಂಬರಿನಿಂದ ಅರೇಬಿಕಾ ಕೊಯ್ಲು, ಜನವರಿಯಿಂದ ರೋಬಸ್ಟಾ. ಈಗಿನ ಕಾಫಿ ಬೆಲೆಗೆ ಕಳವಿನ ಭಯವೂ ಇದೆ, ಗೇಟಿನಲ್ಲಿ ಅಪರಿಚಿತರನ್ನು ಕಂಡರೆ ಅನುಮಾನ ಸಹಜ. ತೋಟ ದಾಟಬೇಕಿದ್ದರೆ ಹಿಂದಿನ ದಿನವೇ ಫೋನಿನಲ್ಲಿ ಮಾಲೀಕರನ್ನೋ ರೈಟರನ್ನೋ (ತೋಟದ ಗುಮಾಸ್ತ) ಕೇಳಿ. ಬೇಡ ಅಂದರೆ ವಾದ ಬೇಡ. ಉಣಗೋಲು ತೆಗೆದಿದ್ದರೆ ಮತ್ತೆ ಅದೇ ರೀತಿ ಹಾಕಿ ಹೋಗಿ, ದನ ನುಗ್ಗಿದರೆ ಮುಂದೆ ಬರುವ ಸೈಕಲ್ಲಿನವರಿಗೆಲ್ಲ ದಾರಿ ಮುಚ್ಚುತ್ತದೆ. ಫೆಬ್ರವರಿ ಕೊನೆಗೆ ಹೂವಿಗಾಗಿ ಸ್ಪ್ರಿಂಕ್ಲರ್ ಜೆಟ್ ಓಡಿಸುತ್ತಾರೆ, ಬಿರುಬಿಸಿಲಲ್ಲೂ ತಿರುವು ದಾಟಿದರೆ ಐವತ್ತು ಮೀಟರ್ ಜಾರುವ ಕೆಸರು.

ತೋಟದೊಳಗಿನ ಹಳ್ಳದ ನೀರು ಕುಡಿಯಬೇಡಿ. ಕೊಯ್ಲಿನಲ್ಲಿ ಪಲ್ಪಿಂಗ್ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ) ನೀರು, ಉಳಿದ ಕಾಲದಲ್ಲಿ ಗಿಡಕ್ಕೆ ಹೊಡೆದ ಔಷಧಿ ಸೇರಿರಬಹುದು. ಮೂರು ಲೀಟರ್ ಹೊತ್ತುಕೊಂಡು, ಮನೆಗಳಲ್ಲಿ ಕೇಳಿ ತುಂಬಿಸಿಕೊಳ್ಳಿ.

ಆನೆ ವಿಷಯದಲ್ಲಿ ರಾಜಿ ಇಲ್ಲ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಆನೆಗಳು ಕಾಫಿ ತೋಟದಲ್ಲೇ ಹಗಲು ಕಳೆಯುತ್ತವೆ, ಮುಸ್ಸಂಜೆಗೆ ಎದ್ದು ನಡೆಯುತ್ತವೆ. ಸೈಕಲ್ಲಿಗೆ ಸದ್ದಿಲ್ಲ, ಅದೇ ಕಷ್ಟ: ಬೈಕಿನ ಶಬ್ದಕ್ಕೆ ಸರಿಯುವ ಆನೆಗೆ ನೀವು ಹತ್ತು ಮೀಟರಿನಲ್ಲಿ ಏಕಾಏಕಿ ಕಾಣುತ್ತೀರಿ. ಬೆಳಿಗ್ಗೆ ಎಂಟರ ಮೊದಲು ಹೊರಡಬೇಡಿ, ಸಂಜೆ ನಾಲ್ಕೂವರೆಗೆ ಮುಗಿಸಿ. ತಿರುವಿನಲ್ಲಿ ಗಂಟೆ ಬಾರಿಸಿ, ಮಾತಾಡುತ್ತಾ ಹೋಗಿ, ಇಯರ್‌ಫೋನ್ ಚೀಲದಲ್ಲಿರಲಿ. ಹಸಿ ಲದ್ದಿ, ಆಗಷ್ಟೇ ಸೀಳಿದ ಬೈನೆ ಮರ ಕಂಡರೆ ಹಿಂದಕ್ಕೆ ತಿರುಗಿ. ಆನೆ ಎಲ್ಲಿದೆ ಎಂದು ಅರಣ್ಯ ಇಲಾಖೆ ವಾಟ್ಸಾಪ್ ಸಂದೇಶ ಕಳಿಸುತ್ತದೆ. ಅದು ನಿಮ್ಮ ಫೋನಿಗೆ ಬರದಿದ್ದರೂ ಟೀ ಅಂಗಡಿಯವರ ಫೋನಿನಲ್ಲಿ ಇರುತ್ತದೆ. ದಿನದ ಮೊದಲ ಚಹಾ ಕುಡಿಯುವಾಗ ಕೇಳಬೇಕಾದ ಮೊದಲ ಪ್ರಶ್ನೆ ಅದು: ‘ಅಣ್ಣಾ, ಆನೆ ಇವತ್ತು ಯಾವ ಕಡೆ ಉಂಟು?’