ಮೊದಲ ಕ್ವಾಡ್ ಬೈಕ್ ನೋಡಲು ಹೋಗುವಾಗ ಟೇಪ್ ಜೇಬಲ್ಲಿರಲಿ

ನಾನು ಕೊಂಡ ಮೊದಲ ಕ್ವಾಡ್, ಅಂದ್ರೆ ಕಾಡುಮೇಡಲ್ಲಿ ಓಡಿಸೋ ನಾಲ್ಕು ಚಕ್ರದ ಬೈಕು, ಮೂರನೇ ಸವಾರಿಯಲ್ಲೇ ಎರಡು ಓಕ್ ಮರಗಳ ನಡುವೆ ಸಿಕ್ಕಿಕೊಂಡಿತು. ಒಹಾಯೊದ ಆಗ್ನೇಯ ಮೂಲೆಯಲ್ಲಿ ವೇಯ್ನ್ ನ್ಯಾಷನಲ್ ಫಾರೆಸ್ಟ್ ಇದೆ. ಅಲ್ಲಿನ ಮಂಡೇ ಕ್ರೀಕ್ ಟ್ರೇಲ್‌ಗಳು ಕೊಲಂಬಸ್ ಕಡೆಯ ನಮ್ಮಂಥವರಿಗೆ ಹತ್ತಿರ. ಸಣ್ಣ ತಿರುವು, ಇಳಿಜಾರು, ಎಡಕ್ಕೊಂದು ಮರ, ಬಲಕ್ಕೊಂದು ಮರ. ಮುಂದಿನ ಚಕ್ರಗಳು ದಾಟಿದವು, ಹಿಂದಿನವು ದಾಟಲಿಲ್ಲ. ರಿವರ್ಸ್ ಹಾಕೋಣ ಅಂದ್ರೆ ಆ ಗಾಡಿಗೆ ರಿವರ್ಸೇ ಇಲ್ಲ. ಅದು ಮೋಟೊಕ್ರಾಸ್ ಓಟಕ್ಕೆ ಅಂತ ಹಿಂದಿನ ಮಾಲೀಕ ಅಗಲ ಮಾಡಿಸಿಟ್ಟಿದ್ದ 450 ಸಿಸಿ ಗಾಡಿ. ಹಿಂದಿನ ಹಿಡಿ ಹಿಡಿದು, ಎತ್ತಿ ಎತ್ತಿ ಒಂದೊಂದೇ ಗೇಣು ಸರಿಸಿ ಹೊರಗೆಳೆಯುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗಿತ್ತು.

ಆಮೇಲೆ ನನಗೆ ಗೊತ್ತಾಗಿದ್ದು ಇಷ್ಟೇ. ಕಾಡಿನಲ್ಲಿ ಓಡಿಸೋಕೆ ಮೊದಲ ಕ್ವಾಡ್ ಹುಡುಕುವಾಗ ಎಲ್ಲರೂ 'ಎಷ್ಟು ಸಿಸಿ?' ಅಂತ ಕೇಳ್ತಾರೆ. 'ಎಷ್ಟು ಅಗಲ?' ಅಂತ ಯಾರೂ ಕೇಳಲ್ಲ. ಮೊದಲು ಕೇಳಬೇಕಾದದ್ದೇ ಅದು. ವೇಯ್ನ್‌ನ ಟ್ರೇಲ್‌ಗಳಲ್ಲಿ 50 ಇಂಚಿಗಿಂತ ಅಗಲದ ಗಾಡಿ ಬಿಡೋ ಹಾಗಿಲ್ಲ. ಅಮೆರಿಕದ ಇನ್ನೂ ಎಷ್ಟೋ ಸರ್ಕಾರಿ ಕಾಡುಗಳಲ್ಲಿ ಇದೇ 50 ಇಂಚಿನ ಲೆಕ್ಕ ಇದೆ. ಆದರೆ ನಿಯಮಕ್ಕೆ 50 ಸಾಕು ಅಂದ ಮಾತ್ರಕ್ಕೆ ಮರಕ್ಕೂ ಸಾಕು ಅಂತಲ್ಲ. ಓಟದ ಗಾಡಿಗಳು 48–50 ಇಂಚು ಇರುತ್ತವೆ. ಕಾಡಿಗೆ 46 ಇಂಚಿನ ಒಳಗಿದ್ದರೆ ನೆಮ್ಮದಿ. ಯಮಹಾ ತನ್ನ ವೈಎಫ್‌ಝಡ್ 450ನಲ್ಲಿ ಕಾಡಿನ ಓಟಕ್ಕಾಗಿಯೇ ಕಿರಿದಾದ 'ಎಕ್ಸ್' ಮಾದರಿಯೊಂದನ್ನು 2010ರ ಸುಮಾರಿಗೆ ಬೇರೆಯಾಗಿ ತಂದಿತ್ತು. ಅಂದ ಮೇಲೆ ಆ ಎರಡು–ಮೂರು ಇಂಚು ಸುಮ್ನೆ ಮಾತಲ್ಲ, ಅಲ್ವಾ? ಹಳೇ ಗಾಡಿ ನೋಡಲು ಹೋದಾಗ ಜಾಹೀರಾತಿನ ಅಳತೆ ನಂಬಬೇಡಿ. ಹಿಂದಿನವರು ಉದ್ದದ ಎ-ಆರ್ಮ್ (ಮುಂದಿನ ಚಕ್ರವನ್ನು ಫ್ರೇಮಿಗೆ ಸೇರಿಸೋ ತೋಳು), ಅಗಲದ ಆಕ್ಸಲ್, ಚಕ್ರವನ್ನು ಹೊರಕ್ಕೆ ತಳ್ಳೋ ಸ್ಪೇಸರ್ ಏನಾದರೂ ಹಾಕಿಸಿರುತ್ತಾರೆ. ಟೈರಿನ ಹೊರ ಅಂಚಿನಿಂದ ಹೊರ ಅಂಚಿಗೆ, ಮುಂದೆಯೂ ಹಿಂದೆಯೂ ನೀವೇ ಅಳೆಯಿರಿ.

ಎರಡನೇ ಅಳತೆ ತೂಕ. ಗಾಡಿ ಮೇಲೆ ಬಿದ್ದರೆ ಅಥವಾ ಹಳ್ಳಕ್ಕೆ ಇಳಿದರೆ ನೀವೊಬ್ಬರೇ ಅಲುಗಾಡಿಸಬಲ್ಲಿರಾ? ಹೋಂಡಾ ಟಿಆರ್‌ಎಕ್ಸ್ 250ಎಕ್ಸ್ ಸುಮಾರು 175 ಕೆಜಿ, ಯಮಹಾ ರ‍್ಯಾಪ್ಟರ್ 700ಆರ್ ಸುಮಾರು 190 ಕೆಜಿ. ಪೊಲಾರಿಸ್ ಸ್ಪೋರ್ಟ್ಸ್‌ಮನ್ 570 ಥರದ ಫೋರ್ ವ್ಹೀಲ್ ಡ್ರೈವ್ ಗಾಡಿ 300 ಕೆಜಿ ದಾಟುತ್ತದೆ. ಅದಕ್ಕೆ ವಿಂಚ್ (ಹಗ್ಗ ಸುತ್ತಿ ಗಾಡಿ ಎಳೆಯೋ ಯಂತ್ರ) ಬೇಕೇ ಬೇಕು, ಇಲ್ಲವೇ ಗಟ್ಟಿ ಸ್ನೇಹಿತರು ಬೇಕು.

ಇನ್ನು ಯಾವ ಜಾತಿ? ದೊಡ್ಡದಾಗಿ ಎರಡು ಜಾತಿ. ಒಂದು ಸ್ಪೋರ್ಟ್ ಕ್ವಾಡ್: ಹಗುರ, ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ, ಚೈನು, ಹೆಚ್ಚಿನವಕ್ಕೆ ಕೈಯಲ್ಲಿ ಒತ್ತುವ ಕ್ಲಚ್ಚು. ಇನ್ನೊಂದು ಯುಟಿಲಿಟಿ: ಮುಂದೆ ಹಿಂದೆ ಸಾಮಾನು ಕಟ್ಟೋ ರ‍್ಯಾಕ್, ಬಹುಪಾಲು 4x4, ಆಟೊಮ್ಯಾಟಿಕ್ ಅಥವಾ ಬಟನ್ ಒತ್ತಿ ಗೇರ್ ಬದಲಿಸುವಂಥದ್ದು. ಯೂಟ್ಯೂಬ್ ನೋಡಿ ಮನಸ್ಸು ಕೆಡಿಸಿಕೊಂಡವರು ಮೊದಲನೆಯದಕ್ಕೆ ಹೋಗ್ತಾರೆ, ಹೆಂಡತಿಯನ್ನು ಕೇಳಿ ಬಂದವರು ಎರಡನೆಯದಕ್ಕೆ.

ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ. ನಿಮಗೆ ಓಡಿಸೋದೇ ಖುಷಿಯಾ, ಅಥವಾ ಕಾಡಿನೊಳಗೆ ಹೋಗಿ ಎಲ್ಲಾದರೂ ಕೂತು ಬುತ್ತಿ ಬಿಚ್ಚೋದು ಖುಷಿಯಾ? ಎರಡನೆಯದಾದರೆ ಹೋಂಡಾ ರ‍್ಯಾಂಚರ್ 420 ಅಥವಾ ಯಮಹಾ ಕೊಡಿಯಾಕ್ 450 ಅಳತೆಯ 4x4 ಕಣ್ಣು ಮುಚ್ಚಿ ನೋಡಬಹುದು. ಮಳೆ ಬಂದ ಮೇಲೆ ಒಹಾಯೊದ ಜೇಡಿಮಣ್ಣು ಎಣ್ಣೆ ಹಚ್ಚಿದ ಹಾಗಾಗುತ್ತದೆ. ಆಗ ನಾಲ್ಕೂ ಚಕ್ರ ಎಳೆಯೋದರ ಬೆಲೆ ಗೊತ್ತಾಗುತ್ತದೆ. ಮೊದಲನೆಯದಾದರೆ 250ರಿಂದ 400 ಸಿಸಿ ಸ್ಪೋರ್ಟ್ ಕ್ವಾಡ್ ತಗೊಳ್ಳಿ. ನನ್ನ ಆಯ್ಕೆ ಹಳೇ ಹೋಂಡಾ 400ಇಎಕ್ಸ್. 1999ರಲ್ಲಿ ಬಂದ ಗಾಡಿ, ಗಾಳಿಯಿಂದಲೇ ತಣ್ಣಗಾಗುವ ಎಂಜಿನ್, ರೇಡಿಯೇಟರ್ ಇಲ್ಲ, ಕಾರ್ಬ್ಯುರೇಟರ್. ನಮ್ಮೂರ ಮೆಕ್ಯಾನಿಕ್ ಕೂಡ ಒಂದು ಬೀಡಿ ಸೇದುವಷ್ಟರಲ್ಲಿ ಬಿಚ್ಚಿ ಜೋಡಿಸಬಹುದಾದ ಸರಳ ಯಂತ್ರ. ಒಂದು ಮಾತು ನೆನಪಿರಲಿ: ಅದಕ್ಕೆ ರಿವರ್ಸ್ ಬಂದಿದ್ದು 2005ರಿಂದ. ಅದಕ್ಕಿಂತ ಹಳೆಯದು ಅಗ್ಗಕ್ಕೆ ಸಿಕ್ಕರೆ ನನ್ನ ಓಕ್ ಮರಗಳನ್ನು ನೆನೆಸಿಕೊಳ್ಳಿ.

700 ಸಿಸಿ ಬೇಡವಾ? ಒಳ್ಳೇ ಗಾಡಿಗಳೇ. ಆದರೆ ಬೇರು, ಕಲ್ಲು, ತಿರುವು ತುಂಬಿದ ಕಡೆ ಹೊಸಬರು ಅದರ ಶಕ್ತಿಯನ್ನು ಬಳಸೋದೇ ಇಲ್ಲ. ಬೇಡದ ಹೊತ್ತಿನಲ್ಲಿ ಹೆಬ್ಬೆರಳು ಒತ್ತಿದಾಗ ಮಾತ್ರ ಅದು ಬರುತ್ತದೆ.

ಹೌದು, ಹೆಬ್ಬೆರಳು. ಊರಲ್ಲಿ ಆರ್‌ಎಕ್ಸ್ 100, ಸ್ಪ್ಲೆಂಡರ್ ಓಡಿಸಿ ಬಂದ ನಮಗೆ ಕ್ವಾಡ್ ಸುಲಭ ಅನ್ನಿಸುತ್ತದೆ, ನಾಲ್ಕು ಚಕ್ರ ಇದೆ, ಬೀಳೋದೇ ಇಲ್ಲ ಅಂತ. ಬೈಕಿನ ಅಭ್ಯಾಸವೇ ಇಲ್ಲಿ ಶತ್ರು. ಆಕ್ಸಿಲರೇಟರ್ ತಿರುಚೋದಲ್ಲ, ಹೆಬ್ಬೆರಳಲ್ಲಿ ಒತ್ತೋದು. ಬೈಕ್ ತಿರುವಿನಲ್ಲಿ ತಾನೇ ವಾಲುತ್ತದೆ, ಕ್ವಾಡ್ ವಾಲಲ್ಲ, ನೀವು ಮೈಯನ್ನು ತಿರುವಿನ ಒಳಕ್ಕೆ ಹಾಕಬೇಕು. ಸ್ಪೋರ್ಟ್ ಕ್ವಾಡಿನ ಹಿಂದಿನ ಎರಡು ಚಕ್ರ ಒಂದೇ ಗಟ್ಟಿ ಆಕ್ಸಲ್ ಮೇಲಿರುತ್ತವೆ, ಡಿಫರೆನ್ಷಿಯಲ್ ಇರಲ್ಲ. ತಿರುಗುವಾಗ ಎರಡೂ ಒಂದೇ ವೇಗದಲ್ಲಿ ಸುತ್ತುವುದರಿಂದ ಟೈರ್ ಸ್ವಲ್ಪ ಜಾರಲೇಬೇಕು. ಮಣ್ಣಲ್ಲಿ ಜಾರುತ್ತದೆ, ಟಾರ್ ರಸ್ತೆಯಲ್ಲಿ ಕಚ್ಚಿ ಹಿಡಿಯುತ್ತದೆ, ಗಾಡಿ ಮಗುಚುತ್ತದೆ. ರಸ್ತೆಯಲ್ಲಿ ಓಡಿಸಬೇಡಿ ಅಂತ ಸ್ಟಿಕ್ಕರ್ ಅಂಟಿಸಿರೋದು ಇದಕ್ಕೇ.

ಎಲ್ಲಕ್ಕಿಂತ ಕೆಟ್ಟ ಅಭ್ಯಾಸ ಕಾಲು ಕೆಳಗಿಡೋದು. ಗಾಡಿ ಸ್ವಲ್ಪ ವಾಲಿದರೆ ಸಾಕು, ನಮ್ಮ ಕಾಲು ತಾನಾಗಿ ನೆಲಕ್ಕೆ ಹೋಗುತ್ತದೆ. ಬೈಕಲ್ಲಿ ಸರಿ. ಕ್ವಾಡಲ್ಲಿ ಕಾಲಿನ ಹಿಂದೆಯೇ ಹಿಂಬದಿ ಚಕ್ರ ಬರ್ತಿರುತ್ತದೆ. ಅದು ಹಿಮ್ಮಡಿ ಹತ್ತಿ, ಮೀನಖಂಡ ಹತ್ತಿ, ನಿಮ್ಮನ್ನೇ ಗಾಡಿಯಡಿಗೆ ಎಳೆದುಕೊಳ್ಳುತ್ತದೆ. ಆದ್ದರಿಂದ ಸ್ಪೋರ್ಟ್ ಕ್ವಾಡ್ ಕೊಳ್ಳುವಾಗ ಕಾಲಿಡುವ ಜಾಗದ ಪಕ್ಕದಲ್ಲಿ ಬಲೆ ಕಟ್ಟಿದ ನರ್ಫ್ ಬಾರ್ ಅನ್ನೋ ಕಂಬಿ ಇದೆಯಾ ನೋಡಿ. ಇಲ್ಲದಿದ್ದರೆ ಬೇರೆ ಯಾವ ಅಲಂಕಾರಕ್ಕೂ ಮುಂಚೆ ಅದನ್ನು ಹಾಕಿಸಿ.

ಸೀಟು ಉದ್ದ ಇದೆ ಅಂತ ಹಿಂದೆ ಇನ್ನೊಬ್ಬರನ್ನು ಕೂರಿಸೋದೂ ಬೇಡ. ಆ ಉದ್ದ ಇರೋದು ಏರಿನಲ್ಲಿ ಮುಂದಕ್ಕೆ, ಇಳಿಜಾರಿನಲ್ಲಿ ಹಿಂದಕ್ಕೆ ನೀವು ಜರುಗಲಿ ಅಂತ. ಇಬ್ಬರಿಗೆ ಅಂತಲೇ ಮಾಡಿದ ಮಾದರಿಗಳು ಬೇರೆ ಇವೆ. ಮಕ್ಕಳ ವಿಷಯದಲ್ಲಿ ಚೌಕಾಸಿಯೇ ಇಲ್ಲ: ದೊಡ್ಡವರ ಕ್ವಾಡ್ 16 ವರ್ಷದ ಒಳಗಿನವರಿಗಲ್ಲ.

ಹೊಸದೋ ಹಳೆಯದೋ? ಮೊದಲನೆಯದು ಹಳೆಯದೇ ಇರಲಿ ಅಂತ ನನ್ನ ಅಭಿಪ್ರಾಯ. ಹೇಗಿದ್ರೂ ಬೀಳಿಸ್ತೀರಿ. ಒಂದು ವರ್ಷದಲ್ಲಿ ನಿಮಗೇ ಗೊತ್ತಾಗುತ್ತದೆ ಬೇಕಾಗಿದ್ದು ಇನ್ನೊಂದು ಜಾತಿಯದು ಅಂತ, ಆಗ ಮಾರಿದರೆ ಹೆಚ್ಚು ಕೈ ಸುಡೋದಿಲ್ಲ. ಹೊಸದಾದರೆ ಬೋರ್ಡಿನ ಬೆಲೆ ಮೇಲೆ ಸಾಗಣೆ, ಜೋಡಣೆ, ಕಾಗದಪತ್ರ ಅಂತ ಸೇರಿಸ್ತಾರೆ. ಬಾಗಿಲು ದಾಟುವ ಕೊನೇ ಬೆಲೆ ಎಷ್ಟು ಅಂತ ಕೇಳಿ.

ಹಳೆಯದು ನೋಡಲು ಹೋಗುವಾಗ ಮುಂಚೆಯೇ ಫೋನ್ ಮಾಡಿ, 'ನಾನು ಬರೋ ತನಕ ಸ್ಟಾರ್ಟ್ ಮಾಡಬೇಡಿ' ಅಂತ ಹೇಳಿ. ಹೋದ ತಕ್ಷಣ ಮಾತಾಡ್ತಾ ಮಾತಾಡ್ತಾ ಎಂಜಿನ್ ಮೇಲೆ ಕೈ ಹತ್ತಿರ ತಗೊಂಡು ಹೋಗಿ. ಬೆಚ್ಚಗಿದ್ದರೆ ಅವರು ಆಗಲೇ ಒದ್ದಾಡಿ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ ಅನುಮಾನಪಡಿ. ತಣ್ಣಗಿದ್ದರೆ ಸ್ಟಾರ್ಟ್ ಮಾಡಿಸಿ ಹೊಗೆ ನೋಡಿ. ನೀಲಿ ಹೊಗೆ ಬಿಡುತ್ತಲೇ ಇದ್ದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ ಅಂತರ್ಥ.

ಆಮೇಲೆ ಡಿಪ್‌ಸ್ಟಿಕ್ ಎಳೆಯಿರಿ. ಆಯಿಲ್ ಕಪ್ಪಗಿದ್ದರೆ ಪರವಾಗಿಲ್ಲ, ಬದಲಿಸಿಲ್ಲ ಅಷ್ಟೇ. ಹಾಲು ಜಾಸ್ತಿಯಾದ ಫಿಲ್ಟರ್ ಕಾಫಿ ಬಣ್ಣಕ್ಕಿದ್ದರೆ ಥ್ಯಾಂಕ್ಸ್ ಹೇಳಿ ಹೊರಡಿ. ಎಂಜಿನ್ನಿಗೆ ನೀರು ಹೋಗಿದೆ, ಬಹುಶಃ ಹಳ್ಳ ದಾಟುವಾಗ ಮುಳುಗಿಸಿದ್ದಾರೆ. ನಾನು ಒಮ್ಮೆ ಇದನ್ನು ಕಣ್ಣಾರೆ ನೋಡಿಯೂ 'ಆಯಿಲ್ ಬದಲಿಸಿದರೆ ಸರಿಹೋಗುತ್ತೆ' ಅಂದ ಮಾರಾಟಗಾರನ ಮಾತು ನಂಬಿದ್ದೆ. ಸರಿಹೋಗಲಿಲ್ಲ. ಏರ್ ಫಿಲ್ಟರ್ ಡಬ್ಬಿಯನ್ನೂ ತೆರೆಸಿ. ಅದರ ತಳದಲ್ಲಿ ಒಣಗಿದ ಕೆಸರಿದ್ದರೆ ಅದೇ ಕಥೆ.

ಮುಂದಿನ ಭಾಗವನ್ನು ಜಾಕ್ ಮೇಲೆ ಎತ್ತಿಸಿ. ಚಕ್ರವನ್ನು ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿ. ಟಕ್ ಟಕ್ ಅಂದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್ ಸವೆದಿದೆ. ಎಡಬಲಕ್ಕೆ ಹಿಡಿದು ಅಲ್ಲಾಡಿಸಿದಾಗ ಶಬ್ದ ಬಂದರೆ ಟೈ ರಾಡ್ ಕಡೆ ನೋಡಿ. ಇವು ದೊಡ್ಡ ಖರ್ಚಲ್ಲ, ಬೆಲೆ ಇಳಿಸೋಕೆ ಒಳ್ಳೇ ನೆಪ. ಹಿಂದಿನ ಸ್ಪ್ರಾಕೆಟ್ ಹತ್ತಿರ ಚೈನನ್ನು ಬೆರಳಲ್ಲಿ ಹಿಂದಕ್ಕೆ ಎಳೆದು ನೋಡಿ, ಹಲ್ಲಿನಿಂದ ಅರ್ಧದಷ್ಟು ಎದ್ದು ಬಂದರೆ ಚೈನ್ ಮುಗಿದಿದೆ. 4x4 ಆದರೆ ಸಿವಿ ಬೂಟ್, ಅಂದ್ರೆ ಆಕ್ಸಲ್ ಕೀಲುಗಳನ್ನು ಮುಚ್ಚೋ ರಬ್ಬರ್, ಎಲ್ಲೂ ಹರಿದಿಲ್ಲ ತಾನೇ ಅಂತ ಮಲಗಿ ನೋಡಿ. ಬಟ್ಟೆ ಕೊಳೆಯಾಗಲಿ. ಫ್ರೇಮಿನ ಬೆಸುಗೆಗಳ ಮೇಲೆ ಹೊಸ ಪೇಂಟ್ ಇದ್ದರೆ ಅದನ್ನು ಉಗುರಲ್ಲಿ ಕೆರೆಯೋಕೆ ನಾಚಿಕೆ ಬೇಡ.

ಕೊನೆಗೆ ಕಾಗದ. ಫ್ರೇಮಿನ ಮೇಲೆ ಕೆತ್ತಿದ ವಿಐಎನ್ (ಗಾಡಿಯ ಗುರುತಿನ) ನಂಬರೂ ಟೈಟಲ್, ಅಂದ್ರೆ ಮಾಲೀಕತ್ವದ ಪತ್ರದಲ್ಲಿನ ನಂಬರೂ ಒಂದೊಂದೇ ಅಕ್ಷರ ಹೊಂದಬೇಕು. ಕ್ವಾಡ್‌ಗಳನ್ನು ಪಿಕಪ್ ಹಿಂದೆ ಹಾಕಿಕೊಂಡು ಹೋಗೋದು ಸುಲಭ, ಹಾಗಾಗಿ ಕಳ್ಳಮಾಲು ಓಡಾಡ್ತಿರುತ್ತದೆ. 'ಟೈಟಲ್ ಕಳೆದುಹೋಗಿದೆ, ಅಗ್ಗಕ್ಕೆ ಕೊಡ್ತೀನಿ' ಅಂದರೆ ಆ ಅಗ್ಗ ನಿಮಗೆ ಬೇಡ. ಎಗ್ಜಾಸ್ಟ್ ಬದಲಿಸಿದ್ದರೆ ಕಿಡಿ ಹೊರಗೆ ಹಾರದಂತೆ ತಡೆಯೋ ಸ್ಪಾರ್ಕ್ ಅರೆಸ್ಟರ್ ಇದೆಯಾ ಕೇಳಿ, ಸರ್ಕಾರಿ ಕಾಡಿಗೆ ಅದಿಲ್ಲದೆ ಬಿಡಲ್ಲ.

ಗಾಡಿಗೆ ಇಟ್ಟ ದುಡ್ಡಿನಲ್ಲಿ ಹೆಲ್ಮೆಟ್, ಕನ್ನಡಕ, ಕಣಕಾಲು ಮುಚ್ಚುವ ಬೂಟು, ಕೈಗವಸಿಗೆ ಮೊದಲೇ ಒಂದು ಪಾಲು ತೆಗೆದಿಡಿ. ಎಟಿವಿ (ಕ್ವಾಡಿಗೇ ಇನ್ನೊಂದು ಹೆಸರು) ಸೇಫ್ಟಿ ಇನ್‌ಸ್ಟಿಟ್ಯೂಟ್‌ನವರ ತರಬೇತಿ ಹತ್ತಿರದಲ್ಲೆಲ್ಲಾದರೂ ಇದ್ದರೆ ಹೋಗಿ ಬನ್ನಿ, ಕಾಲು ಕೆಳಗಿಡೋ ಚಟ ಅಲ್ಲಿಯೇ ಬಿಟ್ಟುಹೋದರೂ ಲಾಭ.

ಇನ್ನೊಂದು ಪುಟ್ಟ ಸಾಮಾನು: ಕಡಿಮೆ ಒತ್ತಡ ಅಳೆಯುವ ಟೈರ್ ಗೇಜ್. ಕ್ವಾಡ್ ಟೈರಿಗೆ ಗಾಳಿ ಸಾಮಾನ್ಯವಾಗಿ 4ರಿಂದ 7 ಪಿಎಸ್‌ಐ ಅಷ್ಟೇ. ಕಾರಿನ ಗೇಜಿನಲ್ಲಿ ಅದು ಸರಿಯಾಗಿ ಕಾಣಿಸೋದೇ ಇಲ್ಲ. ಕಾರಿನ ಲೆಕ್ಕದಲ್ಲಿ 30 ತುಂಬಿಸಿದರೆ ಗಾಡಿ ಪ್ರತಿ ಬೇರಿಗೂ ಚೆಂಡಿನ ಹಾಗೆ ಪುಟಿಯುತ್ತದೆ, ಟೈರೂ ರಿಮ್ಮಿನಿಂದ ಸಿಡಿಯಬಹುದು. ನಿಮ್ಮ ಗಾಡಿಗೆ ಎಷ್ಟು ಅನ್ನೋದು ಫೆಂಡರ್ ಮೇಲಿನ ಸ್ಟಿಕ್ಕರಿನಲ್ಲೇ ಬರೆದಿರುತ್ತದೆ.

ಯಾವಾಗ ಕೊಳ್ಳೋದು? ವೇಯ್ನ್‌ನ ಟ್ರೇಲ್‌ಗಳು ಏಪ್ರಿಲ್ 15ರಿಂದ ಡಿಸೆಂಬರ್ 15ರವರೆಗೆ ತೆರೆದಿರುತ್ತವೆ. ಮುಚ್ಚಿದ ಮೇಲೆ ಗ್ಯಾರೇಜಿನಲ್ಲಿ ಜಾಗ ತಿನ್ನುವ ಗಾಡಿಗಳು ಎಷ್ಟೋ ಜನರಿಗೆ ಭಾರ ಅನ್ನಿಸತೊಡಗುತ್ತವೆ. ಜನವರಿಯ ಚಳಿಯಲ್ಲಿ ಟೇಪ್ ಹಿಡಿದು ಹೋಗಿ. ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗುತ್ತಾ ಅನ್ನೋ ಪರೀಕ್ಷೆಗೂ ಅದಕ್ಕಿಂತ ಒಳ್ಳೇ ತಿಂಗಳಿಲ್ಲ.