ಮನೆಗೆ ‘ಪವಾಡದ ಹನಿ’ ಬಂದಾಗ ಏನು ಮಾಡಬೇಕು?

ಎರಡು ಸಣ್ಣ ಬಾಟಲಿ. ಒಂದರ ಮೇಲೆ ‘ಮಿನರಲ್’ ಎಂದು ಬರೆದಿರುತ್ತದೆ, ಇನ್ನೊಂದರ ಮೇಲೆ ‘ಆಕ್ಟಿವೇಟರ್’. ಎರಡನ್ನೂ ಬೆರೆಸಿ ಕುಡಿದರೆ ಮಲೇರಿಯಾ, ಕ್ಯಾನ್ಸರ್, ಆಟಿಸಂ, ಕೋವಿಡ್ ಎಲ್ಲವೂ ಮಾಯ ಅಂತ ಮಾರುವವರು ಹೇಳುತ್ತಾರೆ. ಎಂಎಂಎಸ್, ಸಿಡಿಎಸ್, ನೀರು ಶುದ್ಧಿಯ ಹನಿ, ಹೀಗೆ ಹೆಸರು ಹಲವು. ಬೆರೆಸಿದಾಗ ಹುಟ್ಟುವ ವಸ್ತು ಒಂದೇ, ಕ್ಲೋರಿನ್ ಡೈಆಕ್ಸೈಡ್.

ನಾನು ನೀರು ಶುದ್ಧೀಕರಣದ ಲ್ಯಾಬಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವನು. ಈ ಗ್ಯಾಸಿನ ವಾಸನೆ ಚೆನ್ನಾಗಿ ಗೊತ್ತು. ಹಾಗಾಗಿ ಪರಿಚಯದವರು ಆಗಾಗ ಬಾಟಲಿಯ ಫೋಟೋ ಕಳಿಸಿ ‘ಇದು ಕುಡಿಯಬಹುದಾ’ ಎಂದು ಕೇಳುತ್ತಾರೆ. ಬೇಡ ಅನ್ನುವುದಕ್ಕೆ ಒಂದು ಕ್ಷಣ ಸಾಕು. ಆದರೆ ಆಗಲೇ ಯಾರೋ ಕುಡಿದಾಗಿದೆ ಅಂದರೆ ಜನ ಮಾಡುವ ಎಡವಟ್ಟು ಒಂದೆರಡಲ್ಲ.

1. ಬಾಟಲಿಯ ಹಿಂಭಾಗ ಓದಿ

ಮುಂದಿರುವ ಹೆಸರು ಬಿಡಿ. ಹಿಂದಿನ ಸಣ್ಣಕ್ಷರದಲ್ಲಿ ‘ಸೋಡಿಯಂ ಕ್ಲೋರೈಟ್’ ಇದೆಯಾ ನೋಡಿ. ಸೋಡಿಯಂ ಕ್ಲೋರೈಡ್ ಅಂದರೆ ಅಡುಗೆ ಉಪ್ಪು. ಕೊನೆಯ ‘ಡ್’ ಜಾಗದಲ್ಲಿ ‘ಟ್’ ಬಂದರೆ ಅದು ಬಟ್ಟೆ, ಕಾಗದದ ಬಣ್ಣ ತೆಗೆಯುವ ಕೈಗಾರಿಕಾ ರಾಸಾಯನಿಕ. ‘ಇದೊಂದು ಬಗೆಯ ಉಪ್ಪು ಅಷ್ಟೇ’ ಎಂದು ಮಾರುವವರು ಹೇಳುವುದು ಈ ಒಂದು ಅಕ್ಷರದ ಧೈರ್ಯದ ಮೇಲೆ.

ಆಕ್ಟಿವೇಟರ್ ಅಂದರೆ ಆಮ್ಲ. ಸಾಮಾನ್ಯವಾಗಿ ಸಿಟ್ರಿಕ್ ಆಮ್ಲ, ಕೆಲವು ಸಲ ತೆಳು ಮಾಡಿದ ಹೈಡ್ರೋಕ್ಲೋರಿಕ್ ಆಮ್ಲ. ಆಮ್ಲ ತಾಗಿದ ಕೂಡಲೇ ಕ್ಲೋರೈಟ್ ಒಡೆದು ಹಳದಿ-ಹಸಿರು ಬಣ್ಣದ ಗ್ಯಾಸ್ ಬಿಡುತ್ತದೆ. ಅದರ ಕುದಿಬಿಂದು ಬರೀ 11 ಡಿಗ್ರಿ ಸೆಲ್ಸಿಯಸ್. ಹಾಗಾಗಿ ಲೋಟದಲ್ಲಿ ಸುಮ್ನೆ ಕೂರುವ ಸ್ವಭಾವ ಅದಕ್ಕಿಲ್ಲ, ಮೇಲೆದ್ದು ಮೂಗಿಗೆ ಬಡಿಯುತ್ತದೆ. ‘ಆಕ್ಟಿವೇಟರ್ ಹಾಕದೆ ಕುಡಿದರೆ ತೊಂದರೆ ಇಲ್ಲ’ ಎಂಬ ಮಾತೂ ಓಡಾಡುತ್ತಿದೆ. ಹೊಟ್ಟೆಯಲ್ಲಿ ಆಮ್ಲ ಇದ್ದೇ ಇದೆ ಅಲ್ವಾ? ಉಳಿದ ಕೆಲಸ ಅದೇ ಮಾಡುತ್ತದೆ.

ಸಿಡಿಎಸ್ ಎಂದು ಮಾರುವುದರಲ್ಲಿ ಗ್ಯಾಸನ್ನು ಮೊದಲೇ ನೀರಿನಲ್ಲಿ ಕರಗಿಸಿರುತ್ತಾರೆ. ‘ಇದು ಶುದ್ಧ, ಹಳೆಯದು ಕಚ್ಚಾ’ ಅನ್ನುತ್ತಾರೆ. ಅಣು ಅದೇ, ಹುಳಿ ಮಾತ್ರ ಕಡಿಮೆ.

2. ‘ಕುಡಿಯುವ ನೀರಿಗೂ ಹಾಕ್ತಾರಲ್ಲ’ ಅಂದವರ ಮುಂದೆ ಲೆಕ್ಕ ಇಡಿ

ಹಾಕುತ್ತಾರೆ, ಹೌದು. ನಾನೇ ಅಳೆದಿದ್ದೇನೆ. ಅಮೆರಿಕದ ನಿಯಮದ ಪ್ರಕಾರ ಕುಡಿಯುವ ನೀರಿನಲ್ಲಿ ಕ್ಲೋರಿನ್ ಡೈಆಕ್ಸೈಡ್ ಲೀಟರಿಗೆ 0.8 ಮಿಲಿಗ್ರಾಂ, ಅದರಿಂದ ಉಳಿಯುವ ಕ್ಲೋರೈಟ್ 1 ಮಿಲಿಗ್ರಾಂ ದಾಟಬಾರದು. ಈ ಬಾಟಲಿಗಳಲ್ಲಿ ಸೋಡಿಯಂ ಕ್ಲೋರೈಟ್ ಸಾಮಾನ್ಯವಾಗಿ ಶೇಕಡ 22ರ ಆಸುಪಾಸು ಇರುತ್ತದೆ. ಒಂದು ಹನಿಯನ್ನು 0.05 ಮಿಲಿಲೀಟರ್ ಎಂದು ಹಿಡಿದರೆ, ಆ ಒಂದೇ ಹನಿಯಲ್ಲಿ ಹೆಚ್ಚುಕಡಿಮೆ 10 ಮಿಲಿಗ್ರಾಂ ಕ್ಲೋರೈಟ್. ಅಂದರೆ 10 ಲೀಟರ್ ನೀರಿನಲ್ಲಿ ಇರಬಹುದಾದ ಗರಿಷ್ಠ ಪ್ರಮಾಣ ಒಂದು ಹನಿಯಲ್ಲೇ ಮುಗಿಯಿತು. ಕುಡಿಯುವವರು ಒಂದು ಹನಿಗೆ ನಿಲ್ಲಿಸುವುದಿಲ್ಲ.

ಇನ್ನೊಂದು ವಾದ, ‘ಇದು ಕೆಟ್ಟ ಕ್ರಿಮಿಗಳನ್ನು ಮಾತ್ರ ಹುಡುಕಿ ಕೊಲ್ಲುತ್ತದೆ’ ಎಂಬುದು. ಎದುರಿಗೆ ಸಿಕ್ಕಿದ್ದರಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುವುದು ಈ ಅಣುವಿನ ಕಸುಬು. ಕುಡಿದಾಗ ಮೊದಲು ಎದುರಾಗುವುದು ನಿಮ್ಮ ಬಾಯಿ, ಗಂಟಲು, ಹೊಟ್ಟೆಯ ಒಳಪದರ.

(ಬಾಯಿ ಮುಕ್ಕಳಿಸುವ ಕೆಲವು ದ್ರಾವಣಗಳಲ್ಲೂ ಕ್ಲೋರಿನ್ ಡೈಆಕ್ಸೈಡ್ ಹೆಸರು ಕಾಣುತ್ತದೆ. ಅವು ತುಂಬ ತೆಳು, ಅವನ್ನು ಉಗಿಯುತ್ತೇವೆ. ನುಂಗುವುದಕ್ಕೆ ಅದು ಸಮರ್ಥನೆ ಆಗುವುದಿಲ್ಲ.)

3. ಯಾರಾದರೂ ಕುಡಿದುಬಿಟ್ಟಿದ್ದರೆ

ಇಲ್ಲಿ ನಿಧಾನವಾಗಿ ಓದಿ.

ವಾಂತಿ, ಭೇದಿ ಶುರುವಾದಾಗ ಮಾರುವವರು ಹೇಳುವ ಮಾತು: ‘ವಿಷ ಹೊರಗೆ ಹೋಗ್ತಿದೆ, ಔಷಧಿ ಕೆಲಸ ಮಾಡ್ತಿದೆ.’ ಮನೆಯವರು ನಂಬಿ ಇನ್ನೊಂದು ಡೋಸ್ ಕೊಡುತ್ತಾರೆ. ಇಡೀ ಪ್ರಕರಣದಲ್ಲಿ ಅತಿ ದೊಡ್ಡ ತಪ್ಪು ಇದು. ಹೊಟ್ಟೆ ಸುಟ್ಟಿದ್ದಕ್ಕೆ ವಾಂತಿ ಬಂದಿದೆ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ, ಎಫ್‌ಡಿಎ, 2010ರಲ್ಲೂ 2019ರಲ್ಲೂ ಜನರನ್ನು ಎಚ್ಚರಿಸಿದೆ. ವಿಪರೀತ ವಾಂತಿ-ಭೇದಿ, ನೀರಿನಂಶ ಹೋಗಿ ಪ್ರಾಣಕ್ಕೇ ಕುತ್ತಾಗುವಷ್ಟು ರಕ್ತದೊತ್ತಡ ಕುಸಿತ, ಯಕೃತ್ತು ದಿಢೀರ್ ಕೈಕೊಡುವುದು, ಇವೆಲ್ಲ ಅದಕ್ಕೆ ಬಂದ ದೂರುಗಳಲ್ಲಿವೆ.

ಮೊದಲು ಬಾಯಿ ಮುಕ್ಕಳಿಸಿ ಉಗಿಸಿ. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ, ಸುಟ್ಟ ಅನ್ನನಾಳ ಎರಡನೇ ಸಲ ಸುಡುತ್ತದೆ. ಹುಳಿಯಾದ ಏನನ್ನೂ ಕೊಡಬೇಡಿ. ಹೊಟ್ಟೆಯಲ್ಲಿರುವ ಕ್ಲೋರೈಟಿಗೆ ಇನ್ನಷ್ಟು ಆಮ್ಲ ಕೊಟ್ಟರೆ ಇನ್ನಷ್ಟು ಗ್ಯಾಸ್. ‘ವಿಟಮಿನ್ ಸಿ ಕೊಟ್ಟರೆ ಇದು ಸತ್ತು ಹೋಗುತ್ತದೆ’ ಎಂದು ಯಾರೋ ಹೇಳಿಯೇ ಹೇಳುತ್ತಾರೆ. ಲ್ಯಾಬಿನ ಬೀಕರಿನಲ್ಲಿ ನಿಜ. ಮನುಷ್ಯನ ಹೊಟ್ಟೆಯಲ್ಲಿ ಆ ಪ್ರಯೋಗ ಬೇಡ. ವಿಷ ಮಾಹಿತಿ ಸಹಾಯವಾಣಿಗೆ ಫೋನ್ ಮಾಡಿ. ಉಸಿರಾಟ ಕಷ್ಟವಾಗುತ್ತಿದ್ದರೆ, ಮಂಕಾಗಿದ್ದರೆ ಅಥವಾ ತುಟಿಯ ಬಣ್ಣ ಬದಲಾಗಿದ್ದರೆ ಫೋನಿಗೂ ಕಾಯದೆ ನೇರ ಆಸ್ಪತ್ರೆಗೆ.

ಹೋಗುವಾಗ ಎರಡೂ ಬಾಟಲಿ ತೆಗೆದುಕೊಳ್ಳಿ, ಬೇರೆ ಬೇರೆ ಕವರಿನಲ್ಲಿ, ಮುಚ್ಚಳ ಬಿಗಿಮಾಡಿ. ಒಯ್ಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ನನ್ನ ಸಹೋದ್ಯೋಗಿಯ ಮಾವನ ಕಥೆ ಸಾಕು. ಮನೆಯವರಿಗೆ ನಾಚಿಕೆ. ಡಾಕ್ಟರ ಮುಂದೆ ‘ಏನೋ ಮಿನರಲ್ ನೀರು ಕುಡಿದ್ರು’ ಎಂದಷ್ಟೇ ಹೇಳಿದರು. ಆಹಾರ ಕೆಟ್ಟಿರಬೇಕು ಎಂದುಕೊಂಡೇ ಚಿಕಿತ್ಸೆ ನಡೆಯಿತು. ಸಂಜೆ ಮೊಮ್ಮಗಳು ಬಾಟಲಿಯ ಫೋಟೋ ತೋರಿಸಿದ ಮೇಲೆ ರಕ್ತ ತೆಗೆದು ನೋಡಿದರೆ ಸಿರಿಂಜಿನಲ್ಲಿ ಚಾಕೊಲೇಟ್ ಬಣ್ಣ.

ಯಾಕೆ ಹಾಗೆ? ಕ್ಲೋರೈಟ್ ರಕ್ತಕ್ಕೆ ಸೇರಿದಾಗ ಹಿಮೋಗ್ಲೋಬಿನ್‌ನಲ್ಲಿರುವ ಕಬ್ಬಿಣದಿಂದ ಒಂದು ಎಲೆಕ್ಟ್ರಾನ್ ಕಸಿಯುತ್ತದೆ. ಆಗ ಅದು ಮೆಥ್‌ಹಿಮೋಗ್ಲೋಬಿನ್ ಆಗುತ್ತದೆ, ಆಮ್ಲಜನಕ ಹೊರಲಾರದು. ಶ್ವಾಸಕೋಶ ಚೆನ್ನಾಗಿದ್ದರೂ ತುಟಿ, ಉಗುರು ನೀಲಿ-ಬೂದು ಆಗುತ್ತವೆ. ಮನೆಯಲ್ಲಿ ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರನ್ನು ಈ ವಿಷಯದಲ್ಲಿ ನಂಬಬೇಡಿ. ಮೆಥ್‌ಹಿಮೋಗ್ಲೋಬಿನ್ ಜಾಸ್ತಿಯಾದಾಗ ಅದರ ಅಂಕಿ 85ರ ಹತ್ತಿರ ಅಂಟಿಕೊಳ್ಳುತ್ತದೆ. ಒಳಗಿನ ಸ್ಥಿತಿ ಅದಕ್ಕಿಂತ ಕೆಟ್ಟದಿರಬಹುದು. ನಿಜ ತಿಳಿಯಲು ಆಸ್ಪತ್ರೆಯ ಕೋ-ಆಕ್ಸಿಮೀಟರ್ ಪರೀಕ್ಷೆಯೇ ಬೇಕು.

ಡಾಕ್ಟರಿಗೆ ಹೇಳಬೇಕಾದದ್ದು: ಎಷ್ಟು ಹನಿ, ಯಾವಾಗ, ಎಷ್ಟು ದಿನದಿಂದ. ಜೊತೆಗೆ, ಮನೆಯಲ್ಲಿ ಯಾರಿಗಾದರೂ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇದೆಯಾ ಎಂಬುದು. ಹುಟ್ಟಿನಿಂದ ಬರುವ ಈ ಕೊರತೆ ಇದ್ದವರ ಕೆಂಪು ರಕ್ತಕಣಗಳು ಇಂಥ ರಾಸಾಯನಿಕಕ್ಕೆ ಬೇಗ ಒಡೆಯುತ್ತವೆ. ಮೆಥ್‌ಹಿಮೋಗ್ಲೋಬಿನ್‌ಗೆ ಕೊಡುವ ಮಿಥಿಲೀನ್ ಬ್ಲೂ ಎಂಬ ಔಷಧಿ ಕೂಡ ಅವರಿಗೆ ತಿರುಗಿಬೀಳಬಹುದು. ಅದಕ್ಕೇ ಈ ಮಾತನ್ನು ಮೊದಲೇ ಹೇಳಿ.

ವಾಂತಿ ನಿಂತಿತು, ಎದ್ದು ಕೂತರು, ಮನೆಗೆ ಹೋಗೋಣ ಅನ್ನುವ ಆತುರ ಬೇಡ. ರಕ್ತಕಣ ಒಡೆಯುವುದು, ಮೂತ್ರಪಿಂಡ ಸೋಲುವುದು ತಡವಾಗಿಯೂ ಕಾಣಿಸಿಕೊಳ್ಳಬಹುದು. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ, ಅಥವಾ ಬರುವುದೇ ಕಡಿಮೆಯಾದರೆ, ಮತ್ತೆ ಓಡಿ.

4. ಕುಡಿಯುವವರ ಜೊತೆ ಮಾತು

ಬೈಯಬೇಡಿ, ಬೈದರೆ ಬಾಟಲಿ ಬೀರುವಿನೊಳಗೆ ಹೋಗುತ್ತದೆ. ಯಾವ ಕಾಯಿಲೆಗೆ ಹೆದರಿ ತಂದರು ಎಂದು ಕೇಳಿ, ಅದರ ನಿಜವಾದ ಚಿಕಿತ್ಸೆ ನಿಲ್ಲಿಸಿದ್ದಾರಾ ಎಂದು ವಿಚಾರಿಸಿ. ಮಾರುವವರ ಕಥೆಯನ್ನೂ ಹೇಳಿ. ಇದನ್ನು ಜನಪ್ರಿಯ ಮಾಡಿದ್ದು ಜಿಮ್ ಹಂಬಲ್ ಎಂಬಾತ. ಅಮೆರಿಕದ ಫ್ಲೋರಿಡಾದಲ್ಲಿ ಚರ್ಚಿನ ಹೆಸರಿಟ್ಟುಕೊಂಡು ಇದನ್ನೇ ‘ಸಂಸ್ಕಾರ’ ಎಂದು ಮಾರಿದ ಮಾರ್ಕ್ ಗ್ರೆನನ್ ಮತ್ತು ಮೂವರು ಮಕ್ಕಳಿಗೆ 2023ರಲ್ಲಿ ಜೈಲಾಯಿತು. ಇಬ್ಬರು ಮಕ್ಕಳಿಗೆ 12 ವರ್ಷಕ್ಕೂ ಜಾಸ್ತಿ.

5. ಬಾಟಲಿ ವಿಲೇವಾರಿ

ಎರಡನ್ನೂ ಒಟ್ಟಿಗೆ ಬಚ್ಚಲಿಗೆ ಸುರಿಯುವುದು ಎಲ್ಲರೂ ಹಿಡಿಯುವ ಅಡ್ಡದಾರಿ. ಮುಚ್ಚಿದ ಬಚ್ಚಲಲ್ಲಿ ಆ ಗ್ಯಾಸ್ ಎದ್ದರೆ ಕಣ್ಣು, ಎದೆ ಉರಿದುಹೋಗುತ್ತದೆ. ಬೇರೆ ಬೇರೆ ಇಟ್ಟು, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ. ಅಲ್ಲಿಯವರೆಗೆ ಮಕ್ಕಳ ಕೈಗೆ ಸಿಗದ ಜಾಗದಲ್ಲಿರಲಿ. ಯಾರೋ ಆಗಲೇ ಬೆರೆಸಿ ಲೋಟ ಹಳದಿಯಾಗಿದ್ದರೆ ಕಿಟಕಿ ತೆರೆದು ಹೊರಗೆ ಬನ್ನಿ.

ಕ್ಲೋರೈಟ್ ಚೆಲ್ಲಿದರೆ ಕಾಗದದಿಂದ ಒರೆಸಬೇಡಿ, ಮರದ ಪುಡಿಯನ್ನಂತೂ ಹಾಕಲೇಬೇಡಿ. ಈ ದ್ರಾವಣ ಬಟ್ಟೆ, ಕಾಗದದ ಮೇಲೆ ಒಣಗಿದರೆ ಸ್ವಲ್ಪ ಉಜ್ಜಿದರೂ ಬೆಂಕಿ ಹತ್ತಬಹುದು. ಕೈಗವಸು ಹಾಕಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಒಣಗಲು ಬಿಡದೆ ಕೂಡಲೇ ನಲ್ಲಿಯ ಕೆಳಗೆ ಹಿಡಿಯಿರಿ. ಚೆನ್ನಾಗಿ ತೊಳೆದ ಮೇಲಷ್ಟೇ ಅದು ಕಸದ ಬುಟ್ಟಿಗೆ ಹೋಗಲಿ.